ಆಟ ಮೊದಲು, ಪೆಟ್ಟಿಗೆ ಆಮೇಲೆ

ಕೆಲಸಕ್ಕೆ ಸೇರಿ ಮೊದಲ ಬೋನಸ್ ಕೈಗೆ ಬಂದಿರುವ ಹುಡುಗ ಹುಡುಗಿಯರಿಗೆ ಈ ಮಾತು. ಹಬ್ಬಕ್ಕೆ ಮನೆಗೆ ಬಂದಾಗ ನೀವು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಾಮ, ಸಾದಾ ಪಿಎಸ್5 ಸಾಕಾ, ಇಲ್ಲ ಪ್ರೊಗೇ ಹೋಗಲಾ? ವಿಆರ್ ಹೆಡ್‌ಸೆಟ್ ಈಗಲೇ ತಗೊಳ್ಳಲಾ, ಬೆಲೆ ಇಳಿಯೋತನಕ ಕಾಯಲಾ?" ಆಟಗೀಟ ಬಿಟ್ಟು ದುಡ್ಡನ್ನು ಎಫ್‌ಡಿಗೆ ಹಾಕಿ ಎನ್ನುವವರ ಪೈಕಿ ನಾನಲ್ಲ. ದುಡಿಯುವವರು ಆಡಲೂಬೇಕು. ಆದರೆ ಈ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ.

ಮೊದಲು ಮಾರುವವರ ಲೆಕ್ಕ ನೋಡೋಣ. 2021ರ ಮೇ ತಿಂಗಳಲ್ಲಿ ಎಪಿಕ್ ಮತ್ತು ಆ್ಯಪಲ್ ಕಂಪನಿಗಳ ಮೊಕದ್ದಮೆ ಅಮೆರಿಕದಲ್ಲಿ ನಡೆಯಿತಲ್ಲ, ಅಲ್ಲಿ ಸಾಕ್ಷಿಕಟ್ಟೆ ಹತ್ತಿದ ಮೈಕ್ರೋಸಾಫ್ಟ್ ಅಧಿಕಾರಿ ಲೋರಿ ರೈಟ್, ಎಕ್ಸ್‌ಬಾಕ್ಸ್ ಪೆಟ್ಟಿಗೆಯ ಮಾರಾಟದಿಂದ ತಮ್ಮ ಕಂಪನಿಗೆ ಎಂದೂ ಲಾಭ ಬಂದಿಲ್ಲ ಎಂದರು. ಸೋನಿಯದ್ದೂ ಹೆಚ್ಚು ಬೇರೆ ಕಥೆಯಲ್ಲ. 2020ರ ನವೆಂಬರ್‌ನಲ್ಲಿ 499 ಡಾಲರಿಗೆ ಬಂದ ಪಿಎಸ್5 ಇನ್ನು ನಷ್ಟಕ್ಕೆ ಮಾರಾಟವಾಗುತ್ತಿಲ್ಲ ಎಂದು ಆ ಕಂಪನಿ ಹೇಳಿದ್ದು ಮರುವರ್ಷದ ಆಗಸ್ಟಿನಲ್ಲಿ. ಹಾಗಾದರೆ ಇವರ ಹೊಟ್ಟೆ ತುಂಬುವುದು ಎಲ್ಲಿಂದ? ತಮ್ಮ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಆಟದಲ್ಲಿ ಸುಮಾರು ಶೇ 30ರ ಪಾಲು, ವರ್ಷವರ್ಷದ ಚಂದಾ, ಎರಡನೇ ಕಂಟ್ರೋಲರ್, ಇತ್ಯಾದಿ.

ನಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಿ. ಪಿಎಸ್5 ಬೆಲೆ ಭಾರತದಲ್ಲಿ ₹54,990 ಆದಾಗ ಹೊಸ ದೊಡ್ಡ ಆಟವೊಂದರ ಮುದ್ರಿತ ಬೆಲೆ ₹4,999 ಇತ್ತು. ಹನ್ನೊಂದು ಆಟಕ್ಕೆ ₹54,989. ಪೆಟ್ಟಿಗೆಯ ಬೆಲೆಗೆ ಒಂದೇ ರೂಪಾಯಿ ಕಡಿಮೆ! ಐದಾರು ವರ್ಷ ಇಟ್ಟುಕೊಂಡು ಆಡುವವರು, ವರ್ಷಕ್ಕೆ ಎರಡು ಆಟ ಕೊಂಡರೂ, ಪೆಟ್ಟಿಗೆಯ ದುಡ್ಡನ್ನು ಇನ್ನೊಂದು ಸಲ ಕೊಟ್ಟಂತೆಯೇ. ಅಂದಮೇಲೆ ಪೆಟ್ಟಿಗೆಯ ಮೇಲಿನ ಬೆಲೆಚೀಟಿ ಖರ್ಚಿನ ಪೀಠಿಕೆ ಮಾತ್ರ. ಇದನ್ನು ಮರೆತವರೇ ಪ್ರೊ ತಂದು, ಆಟ ಕೊಳ್ಳಲು ದುಡ್ಡಿಲ್ಲದೆ, ಪುಕ್ಕಟೆ ಆಟಗಳನ್ನೇ ಹಾಕಿಕೊಂಡು ಕೂರುವುದು.

ಇನ್ನು ಅರ್ಧ ದಾರಿಯಲ್ಲಿ ಬರುವ ಈ ಪ್ರೊಗಳ ವಿಚಾರ. ಕನ್ಸೋಲಿನ ದೊಡ್ಡ ಗುಣವೇ ಅದು ಆರೇಳು ವರ್ಷ ಬದಲಾಗದೆ ಇರುವುದು. ಕಂಪ್ಯೂಟರಿನಲ್ಲಾದರೆ ಎರಡು ವರ್ಷಕ್ಕೊಮ್ಮೆ ಗ್ರಾಫಿಕ್ಸ್ ಕಾರ್ಡಿನ ಚಿಂತೆ. ಕನ್ಸೋಲಿನಲ್ಲಿ ಆ ತಲೆನೋವಿಲ್ಲ. 2013ರ ನವೆಂಬರ್‌ನಲ್ಲಿ ಪಿಎಸ್4 399 ಡಾಲರಿಗೂ ಎಕ್ಸ್‌ಬಾಕ್ಸ್ ಒನ್ 499 ಡಾಲರಿಗೂ ಬಂದವು. ಮೂರೇ ವರ್ಷಕ್ಕೆ, 2016ರ ನವೆಂಬರ್ 10ರಂದು, ಪಿಎಸ್4 ಪ್ರೊ ಬಂತು. ಮರುವರ್ಷದ ನವೆಂಬರ್ 7ಕ್ಕೆ ಎಕ್ಸ್‌ಬಾಕ್ಸ್ ಒನ್ ಎಕ್ಸ್. ಕಾರಣ ಎರಡು. ಅಂಗಡಿಗಳಲ್ಲಿ 4ಕೆ ಟಿವಿಗಳು ತುಂಬತೊಡಗಿದ್ದವು. ಜೊತೆಗೆ, ಪೆಟ್ಟಿಗೆ ಹಳತಾಗುತ್ತಿದ್ದಂತೆ ಒಳ್ಳೆಯ ಚಿತ್ರ ಬೇಕೆನ್ನುವ ಆಟಗಾರರು ಕಂಪ್ಯೂಟರಿನ ಕಡೆಗೆ ವಾಲುತ್ತಾರೆ ಎಂದು ಆಗ ಪ್ಲೇಸ್ಟೇಷನ್ ವಿಭಾಗದ ಮುಖ್ಯಸ್ಥರಾಗಿದ್ದ ಆ್ಯಂಡ್ರ್ಯೂ ಹೌಸ್ ಬಾಯಿಬಿಟ್ಟೇ ಹೇಳಿದ್ದರು. ಅಂದರೆ ಪ್ರೊ ಹುಟ್ಟಿದ್ದು ನಿಮ್ಮ ಹಳೆಯ ಪೆಟ್ಟಿಗೆ ಕೆಟ್ಟಿತೆಂದಲ್ಲ, ಗಿರಾಕಿ ಕೈತಪ್ಪಿ ಹೋದಾನು ಎಂಬ ಅಳುಕಿನಿಂದ.

ಪ್ರೊ ಕೊಡುವುದೇನು? ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 4ಕೆ ಪರದೆಯಲ್ಲಿ 83 ಲಕ್ಷ. ನಾಲ್ಕು ಪಟ್ಟು. ಪಿಎಸ್4ರ ಗ್ರಾಫಿಕ್ಸ್ ಬಲ 1.84 ಟೆರಾಫ್ಲಾಪ್ ಇದ್ದರೆ ಪ್ರೊದ್ದು 4.2, ನಾಲ್ಕು ಪಟ್ಟಲ್ಲ, ಎರಡೂಕಾಲು ಪಟ್ಟು ಮಾತ್ರ. ಉಳಿದದ್ದನ್ನು ಚೆಕರ್‌ಬೋರ್ಡ್ ಎಂಬ ಜಾಣತನದಿಂದ ತುಂಬಿಸುತ್ತಿದ್ದರು: ಅರ್ಧ ಚುಕ್ಕೆಗಳನ್ನು ಬರೆದು, ಮಿಕ್ಕರ್ಧವನ್ನು ಹಿಂದಿನ ಚಿತ್ರದಿಂದ ಊಹಿಸಿ ಹೊಂದಿಸುವುದು. ಚಿತ್ರ ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹೊಸ ಪೆಟ್ಟಿಗೆಯಲ್ಲಿ ಓಡುವ ಆಟ ಹಳೆಯದರಲ್ಲೂ ಓಡಬೇಕು ಎಂಬುದು ಸೋನಿ ತಾನೇ ಹಾಕಿಕೊಂಡಿದ್ದ ಕಟ್ಟಳೆ. ಹಾಗಾಗಿ 2018ರ ಗಾಡ್ ಆಫ್ ವಾರ್, ಅದೇ ವರ್ಷದ ಸ್ಪೈಡರ್‌ಮ್ಯಾನ್, 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2, ಘೋಸ್ಟ್ ಆಫ್ ಸುಶಿಮಾ, ಎಲ್ಲವೂ 2013ರಲ್ಲಿ ಕೊಂಡ ಪೆಟ್ಟಿಗೆಯಲ್ಲೇ ಆಡಲು ಸಿಕ್ಕವು. ಪ್ರೊ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ಒಂದು ಕಥೆ ತಪ್ಪಲಿಲ್ಲ. ಪ್ರೊ ಬಂದಮೇಲೂ ಮಾರಾಟವಾಗುತ್ತಿದ್ದ ಐದು ಪಿಎಸ್4ಗಳಲ್ಲಿ ಒಂದು ಮಾತ್ರ ಪ್ರೊ ಎಂದು ಸೋನಿಯೇ ಹೇಳಿತ್ತು. ಮಿಕ್ಕ ನಾಲ್ವರು ದಡ್ಡರೇನಲ್ಲ.

ಎದುರು ಸಾಕ್ಷಿಯೂ ಇದೆ, ಮುಚ್ಚಿಡಬಾರದು. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಹಳೆಯ ಪಿಎಸ್4ನಲ್ಲಿ ಎಷ್ಟು ಹದಗೆಟ್ಟು ಓಡಿತೆಂದರೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆಯಿತು. ಅದು ಮರಳಿದ್ದು ಮುಂದಿನ ಜೂನ್‌ನಲ್ಲಿ. ಒಂದು ಪೀಳಿಗೆಯ ಕೊನೆಯ ದಿನಗಳಲ್ಲಿ ಸಾದಾ ಪೆಟ್ಟಿಗೆ ಏದುಸಿರು ಬಿಡುವುದುಂಟು. ಆದರೆ ಆ ಹೊತ್ತಿಗೆ ಹೊಸ ಪೀಳಿಗೆಯೇ ಬಾಗಿಲಿಗೆ ಬಂದಿರುತ್ತದೆ. ಅದರ ಖರ್ಚಿಗೆ ದುಡ್ಡು ಉಳಿಸಿಕೊಂಡವರೇ ಜಾಣರು.

ಅರ್ಧ ದಾರಿಯ ಖರೀದಿ ಎಷ್ಟು ಕೈಸುಡಬಹುದು ಎಂಬುದಕ್ಕೆ ಹಳೆಯ ಉದಾಹರಣೆ ಸೆಗಾ ಕಂಪನಿಯದ್ದು. 1994ರ ನವೆಂಬರ್‌ನಲ್ಲಿ, ತನ್ನ ಜೆನೆಸಿಸ್ ಕನ್ಸೋಲಿನ ತಲೆಯ ಮೇಲೆ ಕೂರಿಸುವ 32ಎಕ್ಸ್ ಎಂಬ ಉಪಕರಣವನ್ನು ಅದು ಅಮೆರಿಕದಲ್ಲಿ 159 ಡಾಲರಿಗೆ ಬಿಟ್ಟಿತು. ಅದೇ ತಿಂಗಳು ಜಪಾನಿನಲ್ಲಿ ಅದೇ ಕಂಪನಿಯ ಮುಂದಿನ ಪೀಳಿಗೆಯ ಸ್ಯಾಟರ್ನ್ ಮಾರುಕಟ್ಟೆಗೆ ಬಂದಿತ್ತು! ಮುಂದಿನ ಮೇ ತಿಂಗಳಿಗೆ ಸ್ಯಾಟರ್ನ್ ಅಮೆರಿಕಕ್ಕೂ ಬಂತು, ಬೆಲೆ 399 ಡಾಲರ್. 32ಎಕ್ಸ್ ಕೊಂಡವರಿಗೆ ಆಟಗಳೂ ಬರಲಿಲ್ಲ, ಕಂಪನಿಯ ಬೆಂಬಲವೂ ಉಳಿಯಲಿಲ್ಲ. ಕಂಪನಿ ತನ್ನ ಮುಂದಿನ ಪೆಟ್ಟಿಗೆ ಯಾವಾಗ ಎಂದು ಹೇಳಲಿ ಬಿಡಲಿ, ಈಗಿನದಕ್ಕೆ ಎಷ್ಟು ವಯಸ್ಸಾಯಿತು ಎಂದು ನೀವೇ ಎಣಿಸಿಕೊಳ್ಳಬೇಕು. ನಾಲ್ಕೈದು ವರ್ಷ ದಾಟಿದ್ದರೆ ನಡುವಿನ ಮಾದರಿಗೆ ಕೈಹಾಕಬೇಡಿ.

ಪಿಎಸ್4 ಪ್ರೊಗೂ ಪಿಎಸ್5 ಪ್ರೊಗೂ ಬೆಲೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಗಮನಿಸಿ. 2016ರಲ್ಲಿ ಪ್ರೊ ಬಂದಾಗ ಅದಕ್ಕೆ ಮೂಲ ಪಿಎಸ್4ರ 399 ಡಾಲರನ್ನೇ ಇಟ್ಟು, ಸಾದಾ ಮಾದರಿಯನ್ನು 299ಕ್ಕೆ ಇಳಿಸಿದ್ದರು. ಎರಡೂ ಬಗೆಯ ಗಿರಾಕಿಗೆ ಲಾಭವಿತ್ತು. 2024ರ ನವೆಂಬರ್ 7ರಂದು ಬಂದ ಪಿಎಸ್5 ಪ್ರೊ ಬೆಲೆ 699.99 ಡಾಲರ್, ಸಾದಾದರ ಬೆಲೆ ಇಳಿಯಲಿಲ್ಲ. ಜೊತೆಗೆ ಪ್ರೊದಲ್ಲಿ ಡಿಸ್ಕ್ ಡ್ರೈವೇ ಇಲ್ಲ; ಬೇಕಿದ್ದರೆ 79.99 ಡಾಲರ್ ಪ್ರತ್ಯೇಕ. ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡಿಗೂ ಬೇರೆ ದುಡ್ಡು. ಭಾರತದಲ್ಲಂತೂ ಅದು ಆಗ ಬಿಡುಗಡೆಯೇ ಆಗಲಿಲ್ಲ. ಅದರೊಳಗಿನ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ಇಲ್ಲಿ ಅನುಮತಿ ಇರಲಿಲ್ಲ ಎಂಬುದು ಸೋನಿ ಕೊಟ್ಟ ಕಾರಣ. ಆದರೂ ದುಬೈಯಿಂದಲೋ ಸಿಂಗಪುರದಿಂದಲೋ ಯಾರೋ ತಂದುಕೊಟ್ಟರು ಎಂದು ಮೇಲ್ಬೆಲೆ ಕೊಟ್ಟು ಕೊಂಡವರಿದ್ದಾರೆ. ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿ ಕೇಳುತ್ತದೆ, ಬಿಲ್ ಕೇಳುತ್ತದೆ. ಬಿಲ್ ಇಲ್ಲದ ಮಾಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ; ದುಬಾರಿಗೆ ಕೊಡುವವರಿಂದಂತೂ ಬೇಡವೇ ಬೇಡ.

ಡಿಸ್ಕ್ ಡ್ರೈವ್ ವಿಷಯವನ್ನು ಸಣ್ಣದೆಂದು ತಳ್ಳಬೇಡಿ. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದ್ದನ್ನು ತರಬಹುದು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಎಕ್ಸ್‌ಚೇಂಜ್ ಮಾಡಬಹುದು. ಡೌನ್‌ಲೋಡ್ ಮಾಡಿಕೊಂಡ ಆಟ ನಿಮ್ಮ ಅಕೌಂಟಿಗೆ ಅಂಟಿಕೊಂಡೇ ಇರುತ್ತದೆ. ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ. ಡಿಸ್ಕ್ ಇಲ್ಲದ ಮಾದರಿಯಲ್ಲಿ ಮೊದಲ ದಿನ ಉಳಿಸಿದ ಹತ್ತು ಸಾವಿರವನ್ನು ನಾಲ್ಕೈದು ಆಟಗಳಲ್ಲಿ ಕಂಪನಿ ವಾಪಸು ಪಡೆಯುತ್ತದೆ.

"ಕಾದರೆ ಅಗ್ಗವಾಗುತ್ತದೆ" ಎಂದು ನಿಮ್ಮ ಅಪ್ಪ ಅಮ್ಮ ಹೇಳಿರಬಹುದು. ಅವರ ಕಾಲಕ್ಕೆ ಅದು ಸರಿಯಾದ ಮಾತು. ಚಿಪ್‌ಗಳನ್ನು ಮಾಡುವ ವಿಧಾನ ಸುಧಾರಿಸಿದ ಹಾಗೆಲ್ಲ ಅವು ಚಿಕ್ಕದಾಗಿ, ಅಗ್ಗವಾಗಿ, ಪೆಟ್ಟಿಗೆಯ ಬೆಲೆಯೂ ಇಳಿಯುತ್ತಿತ್ತು. ಈ ಪೀಳಿಗೆಯಲ್ಲಿ ಲೆಕ್ಕ ತಿರುಗುಮುರುಗಾಗಿದೆ. 2021ರ ಫೆಬ್ರುವರಿಯಲ್ಲಿ ಇಲ್ಲಿ ₹49,990ಕ್ಕೆ ಬಂದ ಪಿಎಸ್5, 2022ರ ನವೆಂಬರ್‌ನಲ್ಲಿ ₹54,990 ಆಯಿತು. ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ ಅದರ ಮೂರೂ ಮಾದರಿಗಳಿಗೆ ತಲಾ 50 ಡಾಲರ್ ಏರಿಸಿದರು, ಪ್ರೊ 749.99 ಮುಟ್ಟಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬೆಲೆ ಅದೇ ವರ್ಷ ಎರಡು ಸಲ ಏರಿ 499ರಿಂದ 649.99ಕ್ಕೆ ಹೋಯಿತು. ಚಿಪ್‌ಗಳು ಮೊದಲಿನಂತೆ ಅಗ್ಗವಾಗುತ್ತಿಲ್ಲ, ಹಣದುಬ್ಬರ, ಅಮೆರಿಕದ ಆಮದು ಸುಂಕ, ನಮ್ಮಲ್ಲಿ ಡಾಲರಿನೆದುರು ಸೊರಗುವ ರೂಪಾಯಿ, ಎಲ್ಲ ಸೇರಿದವು. ಹಾಗಾಗಿ ಸಾದಾ ಕನ್ಸೋಲ್ ನಿಜಕ್ಕೂ ಬೇಕಿದ್ದರೆ ಮೂಲ ಬೆಲೆ ಇಳಿಯಲಿ ಎಂದು ವರ್ಷಗಟ್ಟಲೆ ಕಾಯಬೇಡಿ. ದಸರಾ ದೀಪಾವಳಿ ಮಾರಾಟದಲ್ಲಿ ಕೆಲವು ಸಾವಿರ ಇಳಿದಾಗ ತಂದುಬಿಡಿ.

ಹೆಡ್‌ಸೆಟ್ ವಿಷಯದಲ್ಲಿ ನನ್ನ ಸಲಹೆ ಇದಕ್ಕೆ ತದ್ವಿರುದ್ಧ: ಕಾಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ವಿಆರ್‌ಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದಲಾರದು. 1995ರಲ್ಲಿ ನಿಂಟೆಂಡೊದ ವರ್ಚುವಲ್ ಬಾಯ್ 179.95 ಡಾಲರಿಗೆ ಬಂದು, ಕೆಂಪು ಬಣ್ಣವೊಂದನ್ನೇ ತೋರಿಸಿ, ಆಡಿದವರಿಗೆ ತಲೆನೋವು ತರಿಸಿ, ವರ್ಷ ತುಂಬುವ ಮೊದಲೇ ಮೂಲೆ ಸೇರಿತು. 2012ರಲ್ಲಿ ಆಕ್ಯುಲಸ್ ಎಂಬ ಪುಟ್ಟ ಕಂಪನಿ ಜನರಿಂದಲೇ ಸುಮಾರು 24 ಲಕ್ಷ ಡಾಲರ್ ಚಂದಾ ಎತ್ತಿತು. 2014ರಲ್ಲಿ ಫೇಸ್‌ಬುಕ್ ಅದನ್ನು 200 ಕೋಟಿ ಡಾಲರಿಗೆ ಕೊಂಡಿತು. ಸ್ಥಾಪಕ ಪಾಮರ್ ಲಕಿ ಬೆಲೆ 350 ಡಾಲರಿನ ಆಸುಪಾಸು ಇರುತ್ತದೆ ಎಂದಿದ್ದರು. 2016ರ ಮಾರ್ಚ್‌ನಲ್ಲಿ ರಿಫ್ಟ್ ಬಂದಾಗ ಬೆಲೆ 599! ಕೈಯಲ್ಲಿ ಹಿಡಿಯುವ ಟಚ್ ಕಂಟ್ರೋಲರ್‌ಗಳು ಬಂದದ್ದು ಡಿಸೆಂಬರ್‌ನಲ್ಲಿ, ಇನ್ನೂ 199 ಡಾಲರಿಗೆ. ರಿಫ್ಟನ್ನು ಅದಕ್ಕೆ ತಕ್ಕ ಕಂಪ್ಯೂಟರಿನ ಜೊತೆ ಕೊಂಡರೆ 1,499ರಿಂದ ಶುರು. ಎಚ್‌ಟಿಸಿ ವೈವ್ 799. ಒಂದೂವರೆ ವರ್ಷದೊಳಗೆ ರಿಫ್ಟ್ ಕಂಟ್ರೋಲರ್ ಸಮೇತ 399ಕ್ಕೂ ವೈವ್ 599ಕ್ಕೂ ಇಳಿದವು. ಮೊದಲ ದಿನವೇ ಸಾಲಿನಲ್ಲಿ ನಿಂತವರು ಕೊಟ್ಟದ್ದು ಹೆಡ್‌ಸೆಟ್ಟಿನ ಬೆಲೆಯಲ್ಲ, ಅವಸರದ ಬೆಲೆ.

ಆಮೇಲಿನವೂ ಅದೇ ಹಾದಿ ಹಿಡಿದವು. 2022ರ ಅಕ್ಟೋಬರ್‌ನಲ್ಲಿ 1,499 ಡಾಲರಿಗೆ ಬಂದ ಕ್ವೆಸ್ಟ್ ಪ್ರೊ, ಮುಂದಿನ ಮಾರ್ಚ್‌ಗೆ 999 ಆಯಿತು. ಪಿಎಸ್ ವಿಆರ್2 ಬಂದದ್ದು 2023ರ ಫೆಬ್ರುವರಿಯಲ್ಲಿ, 549.99 ಡಾಲರಿಗೆ, ಅದನ್ನು ಓಡಿಸುವ ಪಿಎಸ್5 499. ಮೂಗಿಗಿಂತ ಮೂಗುತಿ ಭಾರ! ಎರಡು ವರ್ಷದಲ್ಲಿ ಅದೂ 399.99ಕ್ಕೆ ಬಂತು. ಇದಕ್ಕೆ ಅಪವಾದ ಕ್ವೆಸ್ಟ್ 2. 2020ರಲ್ಲಿ 299ಕ್ಕೆ ಬಂದು, 2022ರಲ್ಲಿ ನೂರು ಡಾಲರ್ ಏರಿ, ಮರುವರ್ಷ ಮತ್ತೆ 299ಕ್ಕೆ ಇಳಿಯಿತು. ಅಷ್ಟು ಅಗ್ಗಕ್ಕೆ ಕೊಡಲು ಸಾಧ್ಯವಾದದ್ದು ಮೆಟಾ ಕಂಪನಿ ನಷ್ಟ ನುಂಗಿದ್ದರಿಂದ. ಅದರ ವಿಆರ್ ವಿಭಾಗ 2024 ಒಂದರಲ್ಲೇ ಕಳೆದುಕೊಂಡದ್ದು ಸುಮಾರು 1,770 ಕೋಟಿ ಡಾಲರ್. ಹೀಗೆ ನಷ್ಟದ ಮೇಲೆ ನಿಂತ ಬೆಲೆ ಯಾವ ದಿನ ಯಾವ ಕಡೆಗೆ ವಾಲುತ್ತದೋ ಹೇಳಲಾಗದು.

ಬೆಲೆಗಿಂತ ಆಯುಸ್ಸು ದೊಡ್ಡ ಪ್ರಶ್ನೆ. ಮೊದಲ ಪಿಎಸ್ ವಿಆರ್‌ಗೆಂದು ಕೊಂಡ ಆಟಗಳು ಎರಡನೆಯದರಲ್ಲಿ ಓಡುವುದಿಲ್ಲ. ತಯಾರಕರು ಮತ್ತೆ ಮಾಡಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ಎಂಬ ವ್ಯವಸ್ಥೆಗೆಂದು ಹಲವು ಕಂಪನಿಗಳು ಹೆಡ್‌ಸೆಟ್ ಮಾರಿದ್ದವು. 2024ರ ವಿಂಡೋಸ್ 11 ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಆ ವ್ಯವಸ್ಥೆಯನ್ನೇ ತೆಗೆದುಹಾಕಿತು. ಗಾಜು ಒಡೆದಿಲ್ಲ, ತಂತಿ ಹರಿದಿಲ್ಲ, ಆದರೂ ಅಪ್‌ಡೇಟ್ ಮಾಡಿದ ಕಂಪ್ಯೂಟರಿನಲ್ಲಿ ಹೆಡ್‌ಸೆಟ್ ಆಗ ನಿರುಪಯೋಗಿಯಾಯಿತು. ಕನ್ಸೋಲ್ ಹಳತಾದರೂ ಡಿಸ್ಕ್ ಹಾಕಿ ಆಡಬಹುದು. ಹೆಡ್‌ಸೆಟ್ಟಿಗೆ ಆ ಭಾಗ್ಯ ಇರಲೇಬೇಕೆಂದೇನಿಲ್ಲ.

2016ರಲ್ಲಿ ಪ್ರೊ, ವಿಆರ್ ಎರಡನ್ನೂ ಒಟ್ಟಿಗೇ ಕೊಂಡವರ ಕಥೆಯನ್ನೂ ಕೇಳಿ. ಪಿಎಸ್4 ಪ್ರೊ 399, ಪಿಎಸ್ ವಿಆರ್ 399, ಕ್ಯಾಮೆರಾ ಬೇರೆ. ಮಜಾ ಏನೆಂದರೆ, ವಿಆರ್ ಜೊತೆಗೆ ಕೊಟ್ಟಿದ್ದ ನಡುವಿನ ಪುಟ್ಟ ಡಬ್ಬಿ ಟಿವಿಗೆ ಎಚ್‌ಡಿಆರ್ ಚಿತ್ರವನ್ನು ದಾಟಿಸುತ್ತಿರಲಿಲ್ಲ. ಪ್ರೊದ ಚೆಂದ ನೋಡಬೇಕಿದ್ದರೆ ವಿಆರ್ ತಂತಿ ಕೀಳಬೇಕು, ವಿಆರ್ ಬೇಕಿದ್ದರೆ ಮತ್ತೆ ಸಿಕ್ಕಿಸಬೇಕು. ಸೋನಿ ಅದನ್ನು ಸರಿಪಡಿಸಿದ್ದು ಮರುವರ್ಷದ ಮಾದರಿಯಲ್ಲಿ. ಒಂದೇ ಕಂಪನಿಯ, ಒಂದೇ ಋತುವಿನ ಎರಡು ವಸ್ತುಗಳೂ ಹೊಂದಿಕೊಳ್ಳುತ್ತವೆ ಎಂದು ನಂಬುವಂತಿಲ್ಲ ಎಂದಾಯಿತು.

ಈಗ ಮನೆಯ ಲೆಕ್ಕ. ಪ್ರೊ ಕೊಳ್ಳುವ ಮೊದಲು ನಿಮ್ಮ ಟಿವಿ ನೋಡಿ. 32 ಇಂಚಿನ ಹಳೆಯ ಟಿವಿ ಇಟ್ಟುಕೊಂಡು, ಎಂಟು ಅಡಿ ದೂರದ ಮಂಚದ ಮೇಲೆ ಕೂತು ಆಡುವವರಿಗೆ ಪ್ರೊದ ಹೆಚ್ಚುಗಾರಿಕೆ ಕಣ್ಣಿಗೇ ಬೀಳದು. ವಿಆರ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ. ನಡೆದಾಡಿ ಆಡಲು ವೈವ್ ಕೇಳಿದ್ದೇ ಕನಿಷ್ಠ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಖಾಲಿ ಜಾಗ. ಮೂರು ಮಂಚ ಹಾಕಿದ ಪಿಜಿ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿ ಸಿಗುತ್ತದೆ? ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಕೈ ಮೇಲೆತ್ತುವ ಆಟವೇ ಹೆಚ್ಚು. ಕನ್ನಡಕದವರು ಹಾಕಿ ನೋಡದೆ ಕೊಳ್ಳಬೇಡಿ. ತಲೆ ತಿರುಗಿದಂತೆ ಚಿತ್ರವೂ ಒಡನೆ ತಿರುಗಬೇಕು. ತಡವಾದರೆ ಹೊಟ್ಟೆ ತೊಳಸುತ್ತದೆ. ರಿಫ್ಟ್, ವೈವ್‌ಗಳು ಸೆಕೆಂಡಿಗೆ 90 ಚಿತ್ರ ತೋರಿಸಿದ್ದು ಇದಕ್ಕಾಗಿಯೇ. ಆದರೂ ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಮಾಲ್‌ಗಳ ವಿಆರ್ ಕೇಂದ್ರದಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ಅರ್ಧ ಗಂಟೆ ಆಡಿ ನೋಡಿ, ನಿಮ್ಮ ದೇಹವೇ ತೀರ್ಪು ಹೇಳುತ್ತದೆ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ನೆನಪಿರಲಿ: ಪಿಎಸ್ ವಿಆರ್ 12ಕ್ಕಿಂತ ಕೆಳಗಿನವರಿಗೆ, ಕ್ವೆಸ್ಟ್ 10ಕ್ಕಿಂತ ಕೆಳಗಿನವರಿಗೆ ಅಲ್ಲವೆಂದು ಕಂಪನಿಗಳೇ ಹೇಳುತ್ತವೆ.

ಕೊನೆಯದಾಗಿ ಇಎಂಐ. "ಬಡ್ಡಿ ಇಲ್ಲ ಸರ್, ತಿಂಗಳಿಗೆ ನಾಲ್ಕೇ ಸಾವಿರ" ಎಂದು ಅಂಗಡಿಯವನು ಹೇಳುತ್ತಾನೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಅಡಗಿಸಿರುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿದೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಒಟ್ಟಿಗೆ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಎರಡು ಪ್ರಶ್ನೆ ಕೇಳಿ. ನಿಜವಾದ ಬಡ್ಡಿ ಹೊರಬರುತ್ತದೆ. ಆಟದ ಸಾಮಾನಿಗೆ ಸಾಲ ಮಾಡಬೇಡಿ. ದುಡ್ಡು ಕೂಡಿಸಿದ ಮೇಲೂ ಅದು ಬೇಕೆನಿಸಿದರೆ ಆಗ ಕೊಳ್ಳಿ.

ಆದ್ದರಿಂದ ನನ್ನ ತೀರ್ಪು ಕೇಳುವುದಾದರೆ: ಕನ್ಸೋಲ್ ಇಲ್ಲದವರು ಡಿಸ್ಕ್ ಡ್ರೈವ್ ಇರುವ ಸಾದಾ ಮಾದರಿಯನ್ನು ಹಬ್ಬದ ಮಾರಾಟದಲ್ಲಿ, ಬಿಲ್ ಸಮೇತ ಕೊಳ್ಳಿ. ಈಗಾಗಲೇ ಇರುವವರು ಪ್ರೊಗಾಗಿ ಅದನ್ನು ಮಾರಬೇಡಿ. ಹೆಡ್‌ಸೆಟ್ಟನ್ನು ಬಂದ ವರ್ಷವೇ ಕೊಳ್ಳಬೇಡಿ. ಇವೆಲ್ಲಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು, ನೀವು ನಿಜವಾಗಿ ಆಡಬೇಕೆಂದಿರುವ, ಆ ಪೆಟ್ಟಿಗೆಯಲ್ಲಿ ಮಾತ್ರ ಸಿಗುವ ಐದು ಆಟಗಳ ಹೆಸರು ಬರೆಯಿರಿ. ಐದು ತುಂಬಿದರೆ ಕಣ್ಣುಮುಚ್ಚಿ ಕೊಳ್ಳಿ. ಮೂರಕ್ಕೇ ಪೆನ್ನು ನಿಂತರೆ ಈ ವರ್ಷ ದುಡ್ಡು ಬ್ಯಾಂಕಿನಲ್ಲೇ ಇರಲಿ.